ಬಚ್ಚಲಿನ ಬೂಷ್ಟು ಬರೀ ಉಜ್ಜಿದ್ರೆ ಹೋಗುದಿಲ್ಲ, ನೀರು ಎಲ್ಲಿಂದ ಬರ್ತದೆ ನೋಡಿ

ಬಚ್ಚಲಿನ ಗೋಡೆ ಕಪ್ಪಾದ್ರೆ ಮೊದ್ಲು ಮಾತು ಕೇಳುದು ಮನೆಯ ಹೆಂಗಸರು. ಸರಿ ಉಜ್ಜುದಿಲ್ಲ, ಚೊಕ್ಕ ಇಲ್ಲ ಅಂತ. ಬಂದ ನೆಂಟ್ರು ಬಾಯಿ ಬಿಟ್ಟು ಹೇಳದಿದ್ರೂ ಮುಖ ನೋಡಿದ್ರೆ ಗೊತ್ತಾಗ್ತದೆ. ನಂಗೆ ಇದು ತುಂಬ ಬೇಜಾರಿನ ವಿಷಯ, ಯಾಕಂದ್ರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆ ಹಗಲಿಡೀ ಬೀಡಿ ಕಟ್ಟಿ, ಅಡಿಕೆ ಸುಲಿದು, ರಾತ್ರಿ ಎಲ್ಲರ ಸ್ನಾನ ಆದ ಮೇಲೆ ಹಿಡಿಸೂಡಿ ಹಿಡ್ಕೊಂಡು ಆ ಗೋಡೆ ಉಜ್ಜುವ ಹೆಂಗಸರನ್ನು ನೋಡ್ತಾ ಇದ್ದೇನೆ, ನಾನೂ ಅವರಲ್ಲಿ ಒಬ್ಬಳು. ಉಜ್ಜುದು ಕಮ್ಮಿ ಆಗಿ ಬೂಷ್ಟು ಬರುದಲ್ಲ. ಗೋಡೆ ಒಣಗುದಿಲ್ಲ, ಅದಕ್ಕೆ ಬರುದು.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗೀತದೆ. ಮನೆ ಕಟ್ಟಿದ್ದು ಕೆಂಪುಕಲ್ಲಲ್ಲಿ, ಆ ಕಲ್ಲಲ್ಲಿ ಮೈಯೆಲ್ಲಾ ತೂತು. ದುಡ್ಡು ಇದ್ದವರು ಹೊರಗೂ ಸಾರಣೆ ಮಾಡಿಸ್ತಾರೆ, ನಮ್ಮಂಥವರ ಮನೆ ಒಳಗೆ ಸಾರಣೆ ಆಗುವಷ್ಟರಲ್ಲಿ ಕೈ ಖಾಲಿ, ಹೊರಗಿನ ಕಲ್ಲು ಹಾಗೇ ಬಾಕಿ. ಹೊರಗಿಂದ ಕಲ್ಲು ನೀರು ಕುಡೀತದೆ, ಒಳಗೆ ಮೂರು ಹೊತ್ತು ಬಿಸಿ ನೀರಿನ ಹಬೆ, ಮತ್ತೆ ಬೂಷ್ಟಿಗೆ ಬೇರೆ ಎಂತ ಬೇಕು?

ಹಾಗಾಗಿ ಪೇಂಟು, ಮದ್ದು ಅಂತ ದುಡ್ಡು ಹಾಕುವ ಮೊದ್ಲು ನೀರು ಎಲ್ಲಿಂದ ಬರ್ತದೆ ನೋಡಬೇಕು, ಅದಕ್ಕೆ ಖರ್ಚಿಲ್ಲ. ಗೋಡೆ ಮೇಲೆ ನೀರು ಬೀಳದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ತುಂಡು ಇಟ್ಟು ನಾಲ್ಕೂ ಬದಿಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಪ್ಲಾಸ್ಟಿಕಿನ ಹಿಂದೆ ನೀರಿನ ಹನಿ ನಿಂತಿದ್ರೆ ಪಸೆ ಗೋಡೆಯ ಒಳಗಿಂದಲೇ ಬರುದು, ಮುಂದೆ ಹನಿ ಇದ್ರೆ ಅದು ಹಬೆ. ಪೈಪ್ ಲೀಕ್ ಉಂಟಾ ನೋಡ್ಲಿಕ್ಕೆ ರಾತ್ರಿ ಟ್ಯಾಂಕಿಯಲ್ಲಿ ನೀರಿನ ಮಟ್ಟಕ್ಕೆ ಗೆರೆ ಹಾಕಿ, ಯಾರೂ ನೀರು ತೆಗೀದೆ ಬೆಳಿಗ್ಗೆ ನೋಡಿ, ಇಳಿದಿದ್ರೆ ಎಲ್ಲೋ ಸೋರ್ತದೆ ಅಂತ ಲೆಕ್ಕ.

ನಮ್ಮಲ್ಲಿ ದೊಡ್ಡ ಕಾರಣ ಹೊರಗೇ ಇತ್ತು. ಮಾಡಿನ ನೀರು ಅಂಗಳಕ್ಕೆ ಬಿದ್ದು ಸಿಡಿದು ಬಚ್ಚಲಿನ ಗೋಡೆಗೆ ಹೊಡೀತಿತ್ತು, ಸೊಂಟದೆತ್ತರದವರೆಗೆ ಕಲ್ಲು ಹಸುರಾಗಿ ಪಾಚಿ ಕಟ್ಟಿತ್ತು, ಒಳಗಿನ ಕಪ್ಪು ಕೂಡ ಸರಿಯಾಗಿ ಅಷ್ಟೇ ಎತ್ತರಕ್ಕೆ! ಮಾಡಿನ ನೀರು ಹಿಡಿದು ದೂರ ಬಿಡುವ ಪಿವಿಸಿ ದಂಬೆ ಹಾಕಿಸುವಷ್ಟು ದುಡ್ಡಿರಲಿಲ್ಲ. ಪಕ್ಕದ ತೋಟದಲ್ಲಿ ಗಾಳಿಗೆ ಬಿದ್ದ ಅಡಿಕೆ ಮರ ಕೇಳಿ ತಂದು ಸೀಳಿ ತಿರುಳು ತೆಗೆದು ದಂಬೆ ಮಾಡಿ ಮಾಡಿನ ಅಂಚಿಗೆ ಕಟ್ಟಿದ್ದು. ಅದು ಸಾವಿರ ವರ್ಷ ಬಾಳುದಿಲ್ಲ, ಬದಲಿಸ್ತಾ ಇರಬೇಕು, ಆದ್ರೆ ನೀರು ಗೋಡೆಯಿಂದ ದೂರ ಹೋಗ್ತದೆ. ಮಳೆ ಬರುವ ದಿಕ್ಕಿಗೆ ಹಿಂದಿನವರು ತೆಂಗಿನ ಮಡಲಿನ ತಟ್ಟಿ ಕಟ್ತಿದ್ರಲ್ಲ, ಅದು ತುಂಬ ಬುದ್ಧಿಯ ಕೆಲಸ, ಈಗ ತಟ್ಟಿ ಹೆಣೆಯುವವರು ಸಿಗದಿದ್ರೆ ಹಳೇ ಟರ್ಪಾಲಾದ್ರೂ ಸಾಕು, ಗೋಡೆಗೆ ತಾಗದ ಹಾಗೆ ಸ್ವಲ್ಪ ಬಿಟ್ಟು ಕಟ್ಟಿ, ಮಧ್ಯದಲ್ಲಿ ಗಾಳಿ ಆಡಬೇಕು.

ಇನ್ನು ಕ್ಲೀನ್ ಮಾಡುದು. ಬ್ಲೀಚಿಂಗ್ ಪೌಡರ್ ಒಂದು ಲೀಟರ್ ನೀರಿಗೆ ಎರಡು ಚಮಚ ಸಾಕು, ಕದಡಿ ತಿಳಿಯನ್ನು ಗೋಡೆಗೆ ಹಚ್ಚಿ ಕಾಲು ಗಂಟೆ ಬಿಟ್ಟು ಉಜ್ಜಿ ತೊಳೀಬೇಕು, ಬಾಗಿಲು ತೆಗ್ದಿಟ್ಟು, ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸ್ ಇಲ್ಲದಿದ್ರೆ ಪ್ಲಾಸ್ಟಿಕ್ ಕವರಾದ್ರೂ ಹಾಕಿ. ಒಂದು ಮಾತು ದಯವಿಟ್ಟು ನೆನಪಿಟ್ಕೊಳ್ಳಿ, ಬ್ಲೀಚಿಂಗ್ ಪೌಡರ್ ಜೊತೆ ಟಾಯ್ಲೆಟ್ ತೊಳೆಯುವ ಆಸಿಡ್ ಸೇರಿಸಬೇಡಿ, ವಿನೆಗರ್ ಕೂಡ ಬೇಡ. ಕ್ಲೋರಿನ್ ಗ್ಯಾಸ್ ಏಳ್ತದೆ, ನಮ್ಮ ಬಚ್ಚಲಿನಷ್ಟು ಸಣ್ಣ ಕೋಣೆಯಲ್ಲಿ ಅದು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಒಣ ಬೂಷ್ಟನ್ನು ಹಾಗೇ ಗುಡಿಸುದೂ ಬೇಡ, ಮೊದ್ಲು ಒದ್ದೆ ಮಾಡಿ. ಅದರ ಹುಡಿ ಗಾಳಿಗೆ ಹಾರಿದ್ರೆ ದಮ್ಮು ಇರುವ ಮಕ್ಕಳಿಗೆ, ಮುದುಕರಿಗೆ ಕಷ್ಟ. ನನ್ನ ಸಣ್ಣವನಿಗೆ ಮಳೆಗಾಲ ಬಂತಂದ್ರೆ ಉಬ್ಬಸ, ನಾನು ಇಷ್ಟೆಲ್ಲಾ ತಲೆ ಕೆಡಿಸಿಕೊಂಡದ್ದೇ ಅದಕ್ಕೆ.

ಗೋಡೆಗೆ ಎಂತ ಹಚ್ಚುದು ಅಂತ ಕೇಳಿದ್ರೆ ನಾನು ಹೇಳುದು ಸುಣ್ಣ. ಅಂಗಡಿಯಲ್ಲಿ ತೋರಿಸುವ ಪ್ಲಾಸ್ಟಿಕ್ ಪೇಂಟ್ ಚೆಂದ, ಆದ್ರೆ ಪಸೆ ಇರುವ ಗೋಡೆಗೆ ಅದನ್ನು ಬಳಿದ್ರೆ ಒಳಗಿನ ನೀರಿಗೆ ಹೊರಗೆ ಬರ್ಲಿಕ್ಕೆ ದಾರಿ ಇಲ್ಲ, ಗುಳ್ಳೆ ಎದ್ದು ಸಿಪ್ಪೆ ಸಿಪ್ಪೆಯಾಗಿ ಬೀಳ್ತದೆ, ದುಡ್ಡೂ ಹೋಯ್ತು. ಸುಣ್ಣದ ಮೂಲಕ ಗೋಡೆಯ ಪಸೆ ಆರ್ತದೆ. ಅದಲ್ಲದೆ ಹೊಸ ಸುಣ್ಣದ ಕ್ಷಾರ ಎಷ್ಟು ಜೋರು ಹೇಳಿದ್ರೆ ಪಿಎಚ್ 12ರ ಮೇಲೆ, ಅಲ್ಲಿ ಬೂಷ್ಟು ಬೆಳೀಲಿಕ್ಕೆ ಆಗುದಿಲ್ಲ. ಕಾಲ ಹೋದ ಹಾಗೆ ಗಾಳಿ ತಾಗಿ ಆ ಶಕ್ತಿ ಕಮ್ಮಿ ಆಗ್ತದೆ, ಹಾಗಾಗಿ ವರ್ಷ ವರ್ಷ ಬಳೀಬೇಕು. ನಮ್ಮೂರಲ್ಲಿ ಸುಣ್ಣಕ್ಕೆ ಹುಡುಕಬೇಕಂತ ಇಲ್ಲ, ಅಡಿಕೆಗೆ ಮಹಾಳಿ, ಅಂದ್ರೆ ಕೊಳೆರೋಗ, ಬರದ ಹಾಗೆ ಮೈಲುತುತ್ತಿನ ಜೊತೆ ಸೇರಿಸಿ ಮದ್ದು ಬಿಡ್ಲಿಕ್ಕೆ ಎಲ್ಲ ತೋಟದವರೂ ತರ್ತಾರೆ. ಸುಟ್ಟ ಸುಣ್ಣ ತಂದ್ರೆ ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ಹಾಕಿ, ಸುಣ್ಣದ ಮೇಲೆ ನೀರು ಹೊಯ್ಯಬೇಡಿ, ಕೊತ ಕೊತ ಕುದಿದು ಕಣ್ಣಿಗೆ ಸಿಡೀತದೆ, ತೆಳು ಪ್ಲಾಸ್ಟಿಕ್ ಬಕೆಟ್ ಕರಗಿಯೂ ಹೋಗ್ತದೆ. ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಸೋಸಿ ತೆಳು ಮಾಡಿಕೊಳ್ಳಿ. ಹಳೇ ಪೇಂಟ್ ಇದ್ರೆ ಕೆರೆದು ತೆಗ್ದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಮೂರು ಕೋಟ್. ಬಳಿಯುವಾಗ ಎಂತದೂ ಕಾಣುದಿಲ್ಲ, ಒಣಗಿದ ಮೇಲೆ ಬಿಳಿ ಬರ್ತದೆ, ಹಾಗಾಗಿ ದಪ್ಪ ಬಳೀಬೇಡಿ, ದಪ್ಪ ಆದ್ರೆ ಉದುರ್ತದೆ. ಇದೆಲ್ಲ ಫೆಬ್ರವರಿ ಮಾರ್ಚಲ್ಲಿ ಮಾಡುವ ಕೆಲಸ, ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ಗೋಡೆ ಒಣಗುದೇ ಇಲ್ಲ.

ಮೈಮೇಲೆ ಹೊಯ್ದ ನೀರು ನೇರ ಬೀಳುವ ಜಾಗಕ್ಕೆ ಮಾತ್ರ ಸುಣ್ಣ ನಿಲ್ಲುದಿಲ್ಲ, ಅಲ್ಲಿ ಟೈಲ್ಸೇ ಬೇಕು. ಟೈಲ್ಸಿನ ಸಂದು ಕಪ್ಪಾದ್ರೆ ಹಳೇದನ್ನು ಮೊಳೆಯಲ್ಲಿ ಕೆರೆದು ವೈಟ್ ಸಿಮೆಂಟ್ ತುಂಬಿಸಿ, ಒಂದು ಕಿಲೋ ತಂದ್ರೆ ನಮ್ಮ ಬಚ್ಚಲಿಗೆ ಧಾರಾಳ. ವೆಂಟಿಲೇಟರಿಗೆ ಹಲ್ಲಿ ಬರ್ತದೆ, ಚಳಿ ಆಗ್ತದೆ ಅಂತ ಗೋಣಿ ತುರುಕಿದ್ರೆ ಇವತ್ತೇ ತೆಗೀರಿ, ಬೇಕಾದ್ರೆ ಸೊಳ್ಳೆ ಬಲೆ ಹೊಡೀರಿ. ಸ್ನಾನ ಆದ ಮೇಲೆ ನೆಲದ ನೀರು ಎಳೆದು ಬಾಗಿಲು ತೆಗ್ದಿಡುದು, ಒದ್ದೆ ಬಟ್ಟೆ ಒಳಗೆ ನೇತು ಹಾಕದೇ ಇರುದು, ಇದು ಮನೆಯಲ್ಲಿ ಎಲ್ಲರ ಕೆಲಸ, ಗಂಡಸರದ್ದೂ.

ನಮ್ಮಲ್ಲಿ ಈಗ ಬಾಕಿ ಇರುದು ಬಾಗಿಲು. ಮರದ್ದು, ಕೆಳಗಿನ ಅಂಚು ಕೊಳೆತು ಕುಂಬಾಗಿದೆ. ಕುಡುಂಬಶ್ರೀ ಹೆಂಗಸರ ಸ್ವಸಹಾಯ ಸಂಘದ ಹಳೇ ಸಾಲದ ಕಂತು ಮುಗಿದ ಮೇಲೆ ಮತ್ತೆ ಸ್ವಲ್ಪ ಸಾಲ ಎತ್ತಿ ಪಿವಿಸಿ ಬಾಗಿಲು ಹಾಕುದು ಅಂತ ಉಂಟು, ಅಲ್ಲಿವರೆಗೆ ಕುಂಬಾದ ಭಾಗ ಕೊಯ್ದು ಒಂದು ತುಂಡು ತಗಡು ಹೊಡ್ದಿದ್ದೇವೆ.