ಪರದೇಶದ ಸೇವೆಯಲ್ಲಿ ಕ್ರಿಸ್‌ಮಸ್ ಕಾಲ

ಪರದೇಶದಲ್ಲಿ ಸೇವೆಗಿರುವ ಮಿಷನರಿ ಕುಟುಂಬಗಳು ಡಿಸೆಂಬರ್ 25ರ ಒಂದೇ ದಿನಕ್ಕೆ ಎಲ್ಲವನ್ನೂ ತುರುಕುವುದುಂಟು. ಆರಾಧನೆ, ಮನೆಗೆ ಬರುವವರು, ಸ್ವದೇಶಕ್ಕೆ ವಿಡಿಯೋ ಕರೆ, ಮಕ್ಕಳ ಉಡುಗೊರೆ ಎಲ್ಲವೂ ಒಟ್ಟಿಗೆ ಬಂದರೆ ಸಂಜೆಯ ಹೊತ್ತಿಗೆ ಯಾರಿಗೂ ಚೈತನ್ಯ ಉಳಿದಿರುವುದಿಲ್ಲ. ಮನೆಯ ಹಬ್ಬವನ್ನು ಆಗಮನ ಕಾಲದುದ್ದಕ್ಕೂ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಅಡ್ವೆಂಟ್ ಕಾಲದುದ್ದಕ್ಕೂ ಹರಡಿ, 24 ಮತ್ತು 25ನ್ನು ಸ್ಥಳೀಯ ಕ್ರೈಸ್ತ ಸಭೆಗೆ (ಚರ್ಚಿಗೆ) ಬಿಟ್ಟುಕೊಡಿ. ಪರದೇಶದಲ್ಲಿ ಹಬ್ಬ ನೆಮ್ಮದಿಯಿಂದ ನಡೆಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ಆಗಮನ ಕಾಲದ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬೀಳುತ್ತದೆ. ಕ್ರಿಸ್‌ಮಸ್ ಸೋಮವಾರ ಬಂದ ವರ್ಷ, 2023ರಲ್ಲಿ ಆದಂತೆ, ನಾಲ್ಕನೆಯ ಭಾನುವಾರವೇ 24 ಆಗಿ ಕೊನೆಯ ವಾರ ಒಂದೇ ದಿನಕ್ಕೆ ಮುಗಿಯುತ್ತದೆ. ಆ ವಾರದ ಬೈಬಲ್ ವಾಚನಗಳನ್ನು ಮೂರನೆಯ ವಾರಕ್ಕೆ ಸೇರಿಸಿಕೊಳ್ಳಿ.

ಮನೆಯಲ್ಲಿ ಒಂದನ್ನೇ ಮಾಡುವುದಾದರೆ ಆಗಮನದ ಮಾಲೆ ಮಾಡಿ: ಹಸಿರೆಲೆಯ ನಡುವೆ ನಾಲ್ಕು ಮೇಣದಬತ್ತಿ ನಿಲ್ಲಿಸಿ, ಭಾನುವಾರಕ್ಕೊಂದರಂತೆ ಹೆಚ್ಚಿಸುತ್ತಾ ಹಚ್ಚುವುದು. 1839ರಲ್ಲಿ ಹ್ಯಾಂಬರ್ಗ್‌ನ ಪಾದ್ರಿ ಯೋಹಾನ್ ವಿಚೆರ್ನ್ ಬಡಮಕ್ಕಳಿಗಾಗಿ ಬಂಡಿಯ ಚಕ್ರದ ಮೇಲೆ ಮೇಣದಬತ್ತಿ ನಿಲ್ಲಿಸಿ ಆರಂಭಿಸಿದ ಪದ್ಧತಿ ಇದು. ಹಾಗಾಗಿ ಅಂಗಡಿಯ ಸಾಮಾನೇ ಬೇಕೆಂದೇನೂ ಇಲ್ಲ. ಒಂದು ತಟ್ಟೆ, ಒದ್ದೆ ಮರಳು, ನಾಲ್ಕು ಬತ್ತಿ ಸಾಕು. ನೇರಳೆ ಮೂರು, ಮೂರನೆಯ ಭಾನುವಾರಕ್ಕೆ ಗುಲಾಬಿ ಒಂದು ಎನ್ನುವುದು ರೂಢಿ. ಬಣ್ಣದವು ಸಿಗದಿದ್ದರೆ ಬಿಳಿ ಬತ್ತಿ ಇಟ್ಟು ತಟ್ಟೆಯ ಅಂಚಿಗೆ ಬಣ್ಣದ ರಿಬ್ಬನ್ ಕಟ್ಟಿ. ಎಡವುವುದು ಬತ್ತಿಯ ಲೆಕ್ಕದಲ್ಲಿ. ದಿನಕ್ಕೆ 15 ನಿಮಿಷ ಉರಿಸಿದರೂ ಮೊದಲ ಬತ್ತಿ ನಾಲ್ಕು ವಾರಕ್ಕೆ 7 ಗಂಟೆ ಉರಿಯಬೇಕು. ಸಣಕಲು ಬತ್ತಿ ಎರಡನೆಯ ವಾರಕ್ಕೇ ಮುಗಿದುಹೋಗುತ್ತದೆ. ಡಿಸೆಂಬರ್ ಬೇಸಿಗೆಯಾಗಿರುವ ದೇಶಗಳಲ್ಲಿ ಬತ್ತಿ ಮೆತ್ತಗಾಗಿ ಬಾಗುತ್ತದೆ, ಹಸಿರೆಲೆ ಬೇಗ ಒಣಗಿ ಬೆಂಕಿಗೆ ಸಿಗುತ್ತದೆ. ಬತ್ತಿಗಳನ್ನು ಮನೆಯ ತಂಪಾದ ಮೂಲೆಯಲ್ಲಿ ಮಲಗಿಸಿಡಿ, ಎಲೆಗಳನ್ನು ಪ್ರತಿ ಶನಿವಾರ ಬದಲಿಸಿ. ಬೈಬಲಿನಿಂದ ಮೊದಲ ವಾರ ಯೆಶಾಯ 9ನೆಯ ಅಧ್ಯಾಯ, ಎರಡನೆಯದಕ್ಕೆ ಯೆಶಾಯ 40, ಆಮೇಲೆ ಲೂಕ 1 ಓದಿದರೆ ಲೂಕ 2 ಸರಿಯಾಗಿ 24ರ ಸಂಜೆಗೆ ಸಿಗುತ್ತದೆ.

ಸ್ವದೇಶದಿಂದ ತಂದ ದೀಪದ ಸರಗಳನ್ನು ನೋಡದೆ ಸಿಕ್ಕಿಸಬೇಡಿ. 120 ವೋಲ್ಟಿನ ಸರ 230 ವೋಲ್ಟಿಗೆ ಕ್ಷಣದಲ್ಲೇ ಸುಟ್ಟುಹೋಗುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರ್ ವೋಲ್ಟೇಜನ್ನು ಬದಲಿಸುವುದಿಲ್ಲ. 5 ವೋಲ್ಟಿನ ಯುಎಸ್‌ಬಿ ಸರವಾದರೆ ಯಾವ ದೇಶದಲ್ಲೂ ಫೋನ್ ಚಾರ್ಜರಿನಿಂದ ಉರಿಯುತ್ತದೆ.

ಪಾರ್ಸೆಲ್ ತರಿಸುವವರು ಉಡುಗೊರೆಗಳನ್ನು ಸುತ್ತದೆ ಕಳಿಸಲು ಹೇಳಿ, ಕಸ್ಟಮ್ಸ್‌ನಲ್ಲಿ ಬಿಚ್ಚಿ ನೋಡಬಹುದು. ‘ಉಡುಗೊರೆ’ ಎಂದಷ್ಟೇ ಬರೆದರೆ ಸಾಲದು, ಪ್ರತಿ ವಸ್ತುವಿನ ಹೆಸರು, ಸಂಖ್ಯೆ, ತೂಕ, ಬೆಲೆ ನಮೂದಿಸಬೇಕು.

ಇನ್ನು ಸಭೆಯ ವಿಷಯ. ಮೊದಲು ಅಲ್ಲಿನ ಕ್ರೈಸ್ತರು ಯಾವ ದಿನ ಆಚರಿಸುತ್ತಾರೆಂದು ಕೇಳಿ ತಿಳಿಯಿರಿ. ಇಥಿಯೋಪಿಯಾದ ಮತ್ತು ಈಜಿಪ್ಟಿನ ಆರ್ಥಡಾಕ್ಸ್ ಸಭೆಗಳಲ್ಲಿ ಕ್ರಿಸ್‌ಮಸ್ ಜನವರಿ 7ಕ್ಕೆ. ಡಿಸೆಂಬರ್ 25ರಂದು ಅವರು ಇನ್ನೂ ಉಪವಾಸದಲ್ಲಿರುತ್ತಾರೆ, ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಆ ದಿನ ನೆರೆಯವರನ್ನು ಊಟಕ್ಕೆ ಕರೆದು ಮಾಂಸದಡುಗೆ ಬಡಿಸಿದರೆ ಅವರನ್ನು ಇಕ್ಕಟ್ಟಿಗೆ ತಳ್ಳಿದಂತೆ. ಜಪಾನಿನಲ್ಲಿ 25 ರಜೆಯೇ ಅಲ್ಲ, ಆದ್ದರಿಂದ ಎಷ್ಟೋ ಸಭೆಗಳು ಹಿಂದಿನ ಭಾನುವಾರವೇ ಕ್ರಿಸ್‌ಮಸ್ ಆರಾಧನೆ ನಡೆಸುತ್ತವೆ.

ನಾಟಕ, ಹಾಡು, ಅಲಂಕಾರ ಯಾವುದೆಂದು ಸಭೆಯವರೇ ತೀರ್ಮಾನಿಸಲಿ, ಖರ್ಚೂ ಅವರ ಕೈಗೆಟಕುವಷ್ಟೇ ಇರಲಿ. ಮಿಷನರಿ ಕೊಂಡುತಂದ ಬೆಳಕಿನಲ್ಲಿ ನಡೆದ ಹಬ್ಬ ಮಿಷನರಿ ಹೊರಟ ವರ್ಷವೇ ಸೊರಗುತ್ತದೆ; ಇದರಲ್ಲಿ ನಾವು ರಾಜಿ ಮಾಡಿಕೊಳ್ಳುವುದಿಲ್ಲ. ಸುವಾರ್ತೆಗೆ ನಿರ್ಬಂಧವಿರುವ ದೇಶವಾದರೆ ಆರಾಧನೆಯ ಫೋಟೋಗಳನ್ನು ಜಾಲತಾಣಕ್ಕೂ, ಬೆಂಬಲಿಗರಿಗೆ ಕಳಿಸುವ ಪ್ರಾರ್ಥನಾ ಪತ್ರಕ್ಕೂ ಹಾಕಬೇಡಿ. ಮುಖ ಮಸುಕು ಮಾಡಿದರೂ ಗೋಡೆ, ಕಿಟಕಿ, ಬಟ್ಟೆ ನೋಡಿ ಗುರುತು ಹಿಡಿಯುವವರಿದ್ದಾರೆ.

ಸಹಸೇವಕರ ಕೂಟವನ್ನು 27 ಅಥವಾ 28ಕ್ಕಿಡಿ. ಜನವರಿ 5ರವರೆಗಿನ 12 ದಿನವೂ ಕ್ರಿಸ್‌ಮಸ್ ಕಾಲವೇ, ತಡವಾಯಿತೆಂಬ ಅಳುಕು ಬೇಡ. ಒಂಟಿಯಾಗಿ ಸೇವೆಯಲ್ಲಿರುವವರನ್ನು ನವೆಂಬರ್‌ನಲ್ಲೇ ಕರೆಯಿರಿ. ವಾಚನವನ್ನೋ ಒಂದು ಹಾಡನ್ನೋ ಆಗಲೇ ಅವರಿಗೆ ಒಪ್ಪಿಸಿ, ಅಡುಗೆಯಲ್ಲೂ ಒಂದು ಪಾಲು ಕೊಡಿ.