ತೋನ್ಸೆಪಾರಿಗೆ ಹೊರಡುವ ಮುನ್ನ ಇಳಿತದ ಹೊತ್ತು ನೋಡಿಕೊಳ್ಳಿ

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ, ಊರವರ ಬಾಯಲ್ಲಿ ತೋನ್ಸೆಪಾರಿಗೆ, ಹೊರಟವರೆಲ್ಲ ಬೋಟ್ ಎಷ್ಟು ಗಂಟೆಗೆ ಎಂದು ಕೇಳುತ್ತಾರೆ. ಇಳಿತ ಎಷ್ಟು ಗಂಟೆಗೆ ಎಂದು ಕೇಳುವವರು ಕಡಿಮೆ. ಕಲ್ಲುಕಂಬಗಳು ಯಾವ ಹೊತ್ತಿಗೂ ಕಾಣುತ್ತವೆ. ಆದರೆ ಇಲ್ಲಿನ ಜೀವಿಗಳಲ್ಲಿ ಹೆಚ್ಚಿನವು ಇರುವುದು ನೀರು ಏರಿ ಇಳಿಯುವ ಸಣ್ಣ ಪಟ್ಟಿಯಲ್ಲಿ. ಉಬ್ಬರದ ಹೊತ್ತಿಗೆ ಹೋದರೆ ಅದು ನೀರಿನಡಿ.

ಹಾಗಾಗಿ ಉಬ್ಬರ-ಇಳಿತದ ಪಟ್ಟಿ ನೋಡಿ ದಿನ ಗೊತ್ತುಮಾಡಿ. ದಿನಕ್ಕೆ ಎರಡು ಇಳಿತ. ಮರುದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗುತ್ತದೆ. ಎರಡೂ ಒಂದೇ ಮಟ್ಟದವಲ್ಲ, ಮೀಟರ್ ಲೆಕ್ಕ ಕಡಿಮೆ ಇರುವುದನ್ನೇ ಆರಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಸರಿಯುತ್ತದೆ, ಆದರೆ ಆ ಇಳಿತ ಬೋಟ್ ಓಡುವ ಹೊತ್ತಿಗೆ ಸಿಗುವಂತಿರಬೇಕು. ಇಳಿತಕ್ಕೆ ಒಂದು ಗಂಟೆ ಮೊದಲೇ ದ್ವೀಪದಲ್ಲಿರಿ.

ಮಂಗಳೂರಿನಿಂದ ಬರುವವರು ಉಡುಪಿಯ ಕರಾವಳಿ ಜಂಕ್ಷನ್ನಿನಲ್ಲಿ ಹೆದ್ದಾರಿ ಬಿಟ್ಟು ಮಲ್ಪೆ ರಸ್ತೆ ಹಿಡಿಯಬೇಕು. ಬಸ್ಸಿನವರಿಗೆ ಉಡುಪಿಯಿಂದ ಸಿಟಿ ಬಸ್ ಧಾರಾಳ. ದೊಡ್ಡ ಬೋಟ್ ಬಂದರಿನ ಕಡೆಯಿಂದ, ಸ್ಪೀಡ್ ಬೋಟ್ ಬೀಚಿನಿಂದ. ದೊಡ್ಡ ಬೋಟ್ ಜನ ತುಂಬದೆ ಹೊರಡುವುದಿಲ್ಲ. ವಾರದ ನಡುವೆ ಹೋದರೆ ಕಾಯಬೇಕಾದೀತು, ಆ ಲೆಕ್ಕವನ್ನೂ ಇಟ್ಟುಕೊಳ್ಳಿ. ದಡದ ಹತ್ತಿರ ನೀರು ಕಡಿಮೆ ಇರುವುದರಿಂದ ದೊಡ್ಡ ಬೋಟಿನಿಂದ ಸಣ್ಣ ದೋಣಿಗೆ ದಾಟಿಸುವುದುಂಟು. ಒಂದು ಕೈ ಖಾಲಿ ಇರಲಿ, ಫೋನು ಪ್ಲಾಸ್ಟಿಕ್ ಚೀಲದೊಳಗಿರಲಿ. ಮಳೆಗಾಲದಲ್ಲಿ ಬೋಟ್ ಇಲ್ಲ. ಫೆಬ್ರವರಿಯ ನಂತರ ಮಧ್ಯಾಹ್ನ ಗಾಳಿ ಎದ್ದು ಬೋಟ್ ಕುಲುಕುತ್ತದೆ. ವಾಂತಿ ಬರುವವರಿಗೆ ಬೆಳಗ್ಗಿನ ಬೋಟೇ ವಾಸಿ.

ಒಂದು ಮಾತು: ಇದು ಅಭಯಾರಣ್ಯವಲ್ಲ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ ಲಾವಾ ತಣಿದು ಕುಗ್ಗುವಾಗ ಸೀಳಿ ಈ ಕಂಬಗಳಾದವು. ಪಟ್ಟ ಸಿಕ್ಕಿದ್ದು ಕಲ್ಲಿಗೆ, ಜೀವಿಗಳಿಗಲ್ಲ. ಆದರೂ ಹವಳ, ಕಡಲ ಹದ್ದು ಮುಂತಾದವಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲಿದ್ದರೂ ಅನ್ವಯಿಸುತ್ತದೆ.

ನೀರು ಇಳಿದಾಗ ಕಂಬಗಳ ಬುಡದಲ್ಲಿ ಉಳಿದ ಗುಂಡಿಯೊಂದರ ಪಕ್ಕ ಕೂತು, ನಿಮ್ಮ ನೆರಳು ನೀರಿಗೆ ಬೀಳದಂತೆ ಐದು ನಿಮಿಷ ಅಲುಗಾಡದೆ ನೋಡಿ. ಸತ್ತ ಶಂಖ ಎಂದುಕೊಂಡದ್ದು ನಡೆಯಲು ಶುರುಮಾಡುತ್ತದೆ. ಅದು ಸನ್ಯಾಸಿ ಏಡಿ. ಅದರ ಹಿಂಭಾಗ ಮೆತ್ತಗೆ, ಸ್ವಂತ ಕವಚವಿಲ್ಲ. ಬೆಳೆದಂತೆಲ್ಲ ದೊಡ್ಡ ಖಾಲಿ ಚಿಪ್ಪು ಹುಡುಕಬೇಕು. ನೀವು ಜೇಬಿಗೆ ಹಾಕಿದ ಚಂದದ ಚಿಪ್ಪು ಅದರ ಮುಂದಿನ ಮನೆ. ಚಿಪ್ಪಿನ ರಾಶಿಯೇ ಇದೆಯಲ್ಲ ಎಂಬ ವಾದ ನಡೆಯದು. ಒಡೆದ ಚೂರು ಅದಕ್ಕೆ ಪ್ರಯೋಜನವಿಲ್ಲ.

ಹಕ್ಕಿಗಳಿಗೆ ಅಕ್ಟೋಬರಿನಿಂದ ಮಾರ್ಚ್ ಒಳ್ಳೆಯದು. ವಲಸೆ ಬಂದ ಕಡಲಕ್ಕಿಗಳೂ (ಗಲ್) ರೀವಗಳೂ (ಟರ್ನ್) ಆಗ ಇರುತ್ತವೆ. ಕೆಂಗಂದು ಮೈ, ಬಿಳಿ ತಲೆ ಇದ್ದರೆ ಗರುಡ, ಬಂದರಿನ ಮೇಲೂ ಬೇಕಾದಷ್ಟು. ಅದಕ್ಕಿಂತ ದೊಡ್ಡದಾಗಿ, ಹೊಟ್ಟೆ ಬೆಳ್ಳಗೆ, ರೆಕ್ಕೆಯನ್ನು ಮೇಲಕ್ಕೆತ್ತಿ ತೇಲುತ್ತಿದ್ದರೆ ಬಿಳಿಹೊಟ್ಟೆಯ ಕಡಲ ಹದ್ದು. ಕಲ್ಲಿನ ಮೇಲೆ ಕೂತ ಹಿಂಡನ್ನು ಫೋಟೋಕ್ಕಾಗಿ ಎಬ್ಬಿಸಬೇಡಿ.

ಇಲ್ಲಿ ಅನಾಹುತ ಆಗುವುದು ಹೆಚ್ಚಾಗಿ ಪಾಚಿಯಿಂದ. ಕಪ್ಪಾಗಿ ಒದ್ದೆಯಾಗಿರುವ ಕಲ್ಲಿಗೆ ಕಾಲಿಡಬೇಡಿ. ಅಲೆ ಅಲ್ಲಿಯವರೆಗೆ ಬರುತ್ತದೆ ಎಂಬುದಕ್ಕೆ ಅದೇ ಗುರುತು. ಪಶ್ಚಿಮದ ಕಡೆ ಸೆಲ್ಫಿಗೆ ಬೆನ್ನು ಹಾಕಿ ನಿಲ್ಲುವುದಂತೂ ಬೇಡವೇ ಬೇಡ. ಕಲ್ಲಿಗೆ ಅಂಟಿದ ಬಾರ್ನಕಲ್ ಎಂಬ ಚೂಪು ಚಿಪ್ಪಿನ ಜೀವಿ ಬರಿಗಾಲನ್ನು ಬ್ಲೇಡಿನಂತೆ ಕೊಯ್ಯುತ್ತದೆ, ಹವಾಯಿ ಚಪ್ಪಲಿ ಜಾರುತ್ತದೆ. ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಹಾಕಿ. ದಡದಲ್ಲಿ ದೋಣಿಯ ಹುಟ್ಟಿನಂತೆ ಚಪ್ಪಟೆ ಬಾಲದ ಹಾವು ಬಿದ್ದಿದ್ದರೆ ಸತ್ತಂತೆ ಕಂಡರೂ ಮುಟ್ಟಬೇಡಿ. ಕಡಲ ಹಾವಿನ ವಿಷಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ಪ್ರತಿವಿಷ ಕೆಲಸ ಮಾಡುವುದಿಲ್ಲ.

ತಲೆಗೆ ಒಂದೂವರೆ ಲೀಟರ್ ನೀರು, ಟೊಪ್ಪಿ, ಒಂದು ಟವೆಲ್ ಸಾಕು. ನೆರಳೆಂದರೆ ತೆಂಗಿನ ಮರದ್ದು, ಅದೂ ಮಧ್ಯಾಹ್ನ ಬುಡಕ್ಕೇ ಸೇರಿಕೊಂಡಿರುತ್ತದೆ. ಉಳಿದುಕೊಳ್ಳಲು ಅವಕಾಶವಿಲ್ಲ; ಇಳಿದ ಕೂಡಲೇ ಕೊನೆಯ ಬೋಟ್ ಯಾವಾಗ ಎಂದು ಕೇಳಿಕೊಳ್ಳಿ, ಟಿಕೆಟ್ ಒದ್ದೆಯಾಗದಂತೆ ಇಟ್ಟುಕೊಳ್ಳಿ, ವಾಪಸಾಗುವಾಗ ತೋರಿಸಬೇಕಾಗುತ್ತದೆ.