ಮಲ್ಪೆ ದಕ್ಕೆಯಲ್ಲಿ ಕಂಡ ಏಲಿಯನ್

ರಜೆಗೆ ಅಕ್ಕನ ಮನೆಗೆ ಹೋಗಿದ್ದಾಗ ಒಂದು ಬೆಳಿಗ್ಗೆ ಭಾವನ ಜೊತೆ ಮಲ್ಪೆ ಬಂದರಿಗೆ ಹೋದೆ. ಅಳಿಯನೂ ಬಂದ, ಆರನೇ ಕ್ಲಾಸಿನವನು, ಒಂದು ನಿಮಿಷ ಸುಮ್ಮನಿರುವ ಪೈಕಿ ಅಲ್ಲ. ಸಣ್ಣ ಬೋಟೊಂದು ಆಗಷ್ಟೇ ದಕ್ಕೆಗೆ ತಾಗಿತ್ತು. ಇಳಿಸಿದ ಕ್ರೇಟೊಂದರಲ್ಲಿ ಬೊಂಡಾಸ್ (ಸ್ಕ್ವಿಡ್) ರಾಶಿಯ ಮಧ್ಯೆ ಒಂದು ಆಕ್ಟೋಪಸ್ ಇನ್ನೂ ಜೀವಂತ ಇತ್ತು.

"ಮಾವ, ಇದಕ್ಕೆ ತಲೆ ಎಲ್ಲಿ, ಹೊಟ್ಟೆ ಎಲ್ಲಿ?"

ಒಳ್ಳೆ ಪ್ರಶ್ನೆ. ಬುರುಡೆ ಥರ ಕಾಣೋದು ತಲೆಯಲ್ಲ, ಹೊಟ್ಟೆ. ಕರುಳು, ಕಿವಿರು, ಮೂರು ಹೃದಯ ಎಲ್ಲ ಅದರೊಳಗೇ. ಮಿದುಳು ಇರೋದು ಕಣ್ಣುಗಳ ನಡುವೆ, ಉದ್ದಿನ ವಡೆಯ ಹಾಗೆ ನಡುವೆ ತೂತು. ಅನ್ನನಾಳ ಆ ತೂತಿನಲ್ಲೇ ಹಾದು ಹೋಗುತ್ತದೆ, ಅಂದ್ರೆ ನುಂಗಿದ ತುತ್ತೆಲ್ಲ ಮಿದುಳಿನ ನಡುವಿಂದಲೇ ಇಳಿಯಬೇಕು! ರಕ್ತ ನೀಲಿ, ನಮ್ಮಲ್ಲಿ ಕಬ್ಬಿಣ ಮಾಡುವ ಕೆಲಸ ಅದರಲ್ಲಿ ತಾಮ್ರ ಮಾಡುತ್ತದೆ. ಅಳಿಯ ಇದನ್ನೆಲ್ಲ ಕೇಳ್ತಾ ಬೆರಳು ಚಾಚಿದ. ಒಂದು ತೋಳು ನಿಧಾನಕ್ಕೆ ಕ್ರೇಟಿನ ಅಂಚು ದಾಟಿ ಬಂತು, ತುದಿಯ ಪುಟ್ಟ ಹೀರುಬಟ್ಟಲುಗಳು ಒಂದೊಂದಾಗಿ ಬೆರಳಿಗೆ ಅಂಟಿಕೊಂಡವು, ಚರ್ಮ ಬೂದು ಬಣ್ಣದಿಂದ ಕಂದು ಕೆಂಪಿಗೆ ತಿರುಗಿತು. ಅವನು ಕೈ ಎಳೆದುಕೊಂಡಾಗ ಪಚ್ ಪಚ್ ಅಂತ ಸದ್ದು. ನಿನ್ನ ರುಚಿ ನೋಡ್ತಾ ಇತ್ತು ಕಣೋ ಅಂದೆ. ತಮಾಷೆಯಲ್ಲ, ಆ ಬಟ್ಟಲುಗಳಿಗೆ ನಿಜಕ್ಕೂ ರುಚಿ ಗೊತ್ತಾಗುತ್ತದೆ. ಅದರ ಸುಮಾರು 50 ಕೋಟಿ ನರಕೋಶಗಳಲ್ಲಿ ಮೂರರಲ್ಲಿ ಎರಡು ಪಾಲು ಇರೋದು ತೋಳುಗಳಲ್ಲೇ. ಮಿದುಳನ್ನು ಕೇಳದೆಯೇ ತೋಳು ಎಷ್ಟೋ ಕೆಲಸ ಮಾಡಿ ಮುಗಿಸುತ್ತದೆ. ಹಾಗಾದ್ರೆ "ನಾನು" ಅನ್ನೋದು ಅದಕ್ಕೆ ಒಂದೇ ಇರುತ್ತಾ, ಮಿದುಳು ಮತ್ತು ಎಂಟು ತೋಳು ಸೇರಿ ಒಂಬತ್ತು ಇರುತ್ತಾ?

ಸಿನಿಮಾದ ಏಲಿಯನ್‌ಗಳು ನನಗೆ ಬೋರ್ ಹೊಡೆಸೋದು ಇದಕ್ಕೇ. ದೊಡ್ಡ ತಲೆ, ಸಣಕಲು ಕೈಕಾಲು, ಮುಖದಲ್ಲಿ ಎರಡು ಕಣ್ಣು. ಅದು ಹಸಿರು ಬಣ್ಣ ಬಳಿದ ಮನುಷ್ಯ, ಅಷ್ಟೇ ಅಲ್ವಾ? ನಮ್ಮ ದಾರಿ ಮತ್ತು ಆಕ್ಟೋಪಸ್ ದಾರಿ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿ ಆಯ್ತು, ಆಗ ಇದ್ದ ಇಬ್ಬರ ಪೂರ್ವಜ ಬಹುಶಃ ಒಂದು ಪುಟ್ಟ ಹುಳ. ಅಲ್ಲಿಂದ ಇದೇ ಭೂಮಿಯಲ್ಲಿ ಬುದ್ಧಿ ಬೇರೆ ಬೇರೆಯಾಗಿ ಬೆಳೆದು ಇಂಥ ರೂಪ ತಾಳಿದೆ. ಬೇರೆ ಗ್ರಹದ್ದು ನಮ್ಮ ಥರ ಯಾಕಿರಬೇಕು?

ಭಾವನಿಗೆ ಇದ್ಯಾವುದೂ ಇಳಿಯಲಿಲ್ಲ. "ಅಷ್ಟು ಬುದ್ಧಿ ಇದ್ರೆ ಬಲೆಗೆ ಯಾಕೆ ಬಿತ್ತು ಮಾರಾಯ?" ಅಂದರು.

ನಾನು ತಕ್ಷಣ ಏನೂ ಹೇಳಲಿಲ್ಲ, ಆದರೆ ಅದರಲ್ಲೇ ದೊಡ್ಡ ವಿಷಯ ಇದೆ. ಹೆಚ್ಚಿನ ಆಕ್ಟೋಪಸ್‌ಗಳ ಆಯಸ್ಸು ಒಂದೆರಡು ವರ್ಷ. ತಾಯಿ ಊಟ ಬಿಟ್ಟು ಮೊಟ್ಟೆ ಕಾಯುತ್ತದೆ, ಮರಿ ಹೊರಬರುವ ಹೊತ್ತಿಗೆ ಸಾಯುತ್ತದೆ. ಬಲೆ ಅಂದ್ರೇನು ಅಂತ ಹೇಳಿಕೊಡಲು ಅಮ್ಮನೂ ಇಲ್ಲ, ಅಜ್ಜಿಯೂ ಇಲ್ಲ. ಪ್ರತಿ ಮರಿಯೂ ಸೊನ್ನೆಯಿಂದ ಕಲಿಯಬೇಕು. ಬುದ್ಧಿ ಇದ್ದರೂ ಅದನ್ನು ಕೂಡಿಡೋಕೆ ಆಗಲ್ಲ.

ಸರಿ, ಇನ್ನೆಲ್ಲೋ ಒಂದು ಕಡೆ ಇಂಥದ್ದೇ ಜೀವಿ ನೂರು ವರ್ಷ ಬದುಕಿ ಮಕ್ಕಳಿಗೆ ಕಲಿಸುತ್ತದೆ ಅಂತಿಟ್ಟುಕೊಳ್ಳಿ. ಆದರೂ ನೀರಿನಡಿ ಬೆಂಕಿ ಹಚ್ಚೋಕಾಗಲ್ಲ. ಬೆಂಕಿ ಇಲ್ಲ ಅಂದ್ರೆ ಲೋಹ ಕರಗಿಸೋದು ಕಷ್ಟ, ಲೋಹ ಇಲ್ಲ ಅಂದ್ರೆ ರೇಡಿಯೋ ಎಲ್ಲಿಂದ ಬರಬೇಕು? 1960ರಲ್ಲಿ ಖಗೋಳ ವಿಜ್ಞಾನಿ ಫ್ರಾಂಕ್ ಡ್ರೇಕ್ ಆಕಾಶದತ್ತ ರೇಡಿಯೋ ದೂರದರ್ಶಕ ತಿರುಗಿಸಿ ಕಿವಿಗೊಟ್ಟ ದಿನದಿಂದ ನಾವು ಹುಡುಕುತ್ತಿರೋದು ಹೆಚ್ಚಾಗಿ ರೇಡಿಯೋ ಇರುವವರನ್ನೇ. ನೀರಿನಡಿಯ ಅಂಥ ಜೀವಿಗಳು ಪದ್ಯ ಕಟ್ಟುತ್ತಿರಬಹುದು, ಲೆಕ್ಕ ಮಾಡುತ್ತಿರಬಹುದು, ನಮಗೆ ಮಾತ್ರ ಕೇಳಿಸಲ್ಲ. ಗುರುವಿನ ಚಂದ್ರ ಯೂರೋಪಾದ ಹಿಮದ ಚಿಪ್ಪಿನಡಿ ಸಾಗರ ಇದೆ ಅಂತ ಬಲವಾದ ನಂಬಿಕೆ, 2024ರ ಅಕ್ಟೋಬರಿನಲ್ಲಿ ನಾಸಾ ಅಲ್ಲಿಗೊಂದು ನೌಕೆಯನ್ನೂ ಕಳಿಸಿದೆ. ಅಲ್ಲಿ ಜೀವ ಇದೆಯೋ ಇಲ್ಲವೋ, ಬಿಸಿಲಂತೂ ಇಳಿಯಲ್ಲ. ಕಣ್ಣು ಯಾಕೆ ಬೇಕು ಹೇಳಿ? ಮುಟ್ಟಿ, ರುಚಿ ನೋಡಿಯೇ ಎಲ್ಲ ತಿಳಿಯಬೇಕು.

ಏಲಿಯನ್‌ಗಳಿಗೆ ಅಂತ ನಾವು ಕಳಿಸಿದ ಪರಿಚಯಪತ್ರ ನೋಡಿದ್ರೆ ನಗು ಬರುತ್ತದೆ. 1972ರ ಪಯೊನೀರ್ 10 ನೌಕೆಯ ಫಲಕದಲ್ಲಿ ಗಂಡಸು ಬಲಗೈ ಎತ್ತಿ ನಿಂತಿದ್ದಾನೆ, ಕೈ ಇಲ್ಲದವರಿಗೆ ಅದು ಏನು ಅರ್ಥ ಆಗಬೇಕೋ. 1977ರ ವಾಯೇಜರ್ ನೌಕೆಗಳಲ್ಲಿಟ್ಟ ಧ್ವನಿಮುದ್ರಿಕೆಯ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ನಮ್ಮ ಕನ್ನಡವೂ ಒಂದು. ರಾತ್ರಿ ಊಟ ಆದ ಮೇಲೆ ಅದನ್ನು ಮೊಬೈಲಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದೆ. ಅಕ್ಕನಿಗೆ ಬಹಳ ಖುಷಿ. ಅಳಿಯ ಮಾತ್ರ, "ಅವಕ್ಕೆ ಕಿವಿನೇ ಇಲ್ದಿದ್ರೆ?" ಅಂದ.

ಇಲ್ಲದಿದ್ದರೆ ನೆಕ್ಕಿ ನೋಡ್ತಾವೆ ಅಂದೆ. ತಾಮ್ರದ ತಟ್ಟೆ, ಮೇಲೆ ಚಿನ್ನದ ಲೇಪ. "ಚಿನ್ನದ ರುಚಿ ಹೇಗಿರುತ್ತೆ?" ಅಂತ ಕೇಳಿದವನು ಅಕ್ಕನ ಬಳೆ ಕಡೆ ನೋಡಿದ, ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು.